ಓದಿದ್ದನ್ನು ಎಲ್ಲಿ ಬರೆದಿಡೋಣ? ಅಂಚು, ನೋಟ್‌ಬುಕ್, ಆಪ್, ಬ್ಲಾಗ್

ಹೋದ ವರ್ಷ ಒಂದು ಕಾದಂಬರಿ ಹಿಡಿದು ಕೂತಿದ್ದೆ. 60 ಪುಟ ಆಗಿತ್ತು, ಕಥೆ ಚೆನ್ನಾಗಿಯೇ ಸಾಗುತ್ತಿತ್ತು. ಪುಟ ತಿರುಗಿಸಿದರೆ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ‘ಸುಳ್ಳು!’ ಎಂದು ಬರೆದಿತ್ತು. ಯಾರಪ್ಪ ಇದು ಎಂದುಕೊಂಡೆ. ನೋಡಿದರೆ ನನ್ನದೇ ಅಕ್ಷರ.

ಅಂದರೆ ಆ ಪುಸ್ತಕವನ್ನು ಹಿಂದೆಯೇ ಒಮ್ಮೆ ಓದಿದ್ದೆ. ಫೋನಿನಲ್ಲಿದ್ದ ಓದಿನ ಆಪ್ ತೆರೆದೆ. ಅಲ್ಲೂ ಇತ್ತು: ಮುಗಿಸಿದ ತಾರೀಖು, ಪಕ್ಕದಲ್ಲಿ ನಾಲ್ಕು ನಕ್ಷತ್ರ. ಆಪ್‌ಗೆ ಗೊತ್ತಿತ್ತು, ಪೆನ್ಸಿಲ್ಲಿಗೆ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ.

ನಾಲ್ಕು ನಕ್ಷತ್ರ ಯಾಕೆ ಕೊಟ್ಟಿದ್ದೆ ಎಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಆದರೆ ‘ಸುಳ್ಳು!’ ಕಂಡ ಕೂಡಲೇ ಆವತ್ತಿನ ಸಿಟ್ಟು ಪೂರ್ತಿ ವಾಪಸ್ ಬಂತು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಆ ಕಥೆಯಲ್ಲಿ ಅರ್ಧ ಪುಟದಲ್ಲಿ ರಾಜಿಯಾಗಿಬಿಡುತ್ತಾರೆ. ಅಷ್ಟು ಸುಲಭಕ್ಕೆ ಯಾರೂ ರಾಜಿಯಾಗುವುದಿಲ್ಲ ಎಂದು ನಾನು ಪುಸ್ತಕದ ಜೊತೆ ಜಗಳಕ್ಕೆ ಇಳಿದಿದ್ದೆ.

ಓದಿದ್ದನ್ನು ಬರೆದಿಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿ ಎಂದು ಕೇಳಿದರೆ ‘ಎಲ್ಲಾದರೂ ಸರಿ’ ಎನ್ನುತ್ತಾರೆ. ಎಲ್ಲಾದರೂ ಸರಿ ಅಲ್ಲ ಎಂಬುದು ನನ್ನ ಅನುಭವ. ಪುಸ್ತಕದ ಅಂಚು, ನೋಟ್‌ಬುಕ್, ಆಪ್, ಬ್ಲಾಗ್, ನಾಲ್ಕರಲ್ಲೂ ನಾನು ವರ್ಷಗಟ್ಟಲೆ ಬರೆದಿದ್ದೇನೆ. ಬರೆಯುವ ಜಾಗ ಬದಲಾದಾಗಲೆಲ್ಲ ನಾನು ಓದುವ ರೀತಿಯೂ ಸದ್ದಿಲ್ಲದೆ ಬದಲಾಯಿತು. ಹಾಗಾಗಿ ಇಲ್ಲಿ ಯಾವುದು ಅಗ್ಗ, ಯಾವುದು ಸುಲಭ ಎನ್ನುವುದಕ್ಕಿಂತ, ಯಾವುದು ನಮ್ಮನ್ನು ಎಂಥ ಓದುಗರನ್ನಾಗಿ ಮಾಡುತ್ತದೆ ಎಂದು ನೋಡುತ್ತೇನೆ.

ಮೊದಲು ಮರೆವಿನ ಮಾತು

ಮರೆಯುವುದು ನಮ್ಮ ತಪ್ಪಲ್ಲ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ದಿನ ಕಳೆಯುವಷ್ಟರಲ್ಲಿ ಕಲಿಕೆಯ ಲಾಭದಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಉಳಿಯುತ್ತಿತ್ತು. ಕಾದಂಬರಿ ಅರ್ಥವಿಲ್ಲದ ಪಟ್ಟಿಯಲ್ಲ, ಅಷ್ಟು ಬೇಗ ಜಾರುವುದಿಲ್ಲ. ಆದರೂ ಜಾರುತ್ತದೆ.

ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು 2006ರಲ್ಲಿ ಬಂದ ಒಂದು ಅಧ್ಯಯನ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಿದ್ದರು. ಹಾಗಾದರೆ ಎಲ್ಲಿ ಬರೆದರೂ ಪುಸ್ತಕ ಮುಚ್ಚಿ ಬರೆಯುವುದು ಒಳ್ಳೆಯದು. ಈ ಒಂದು ವಿಷಯ ಮುಂದೆ ಹಲವು ಸಲ ಬರುತ್ತದೆ.

ಪುಸ್ತಕದ ಅಂಚು

ಇದಕ್ಕಿಂತ ಕಡಿಮೆ ಕೆಲಸದ ದಾರಿ ಇಲ್ಲ. ಪೆನ್ಸಿಲ್ ಒಂದಿದ್ದರೆ ಆಯಿತು. ಅನಿಸಿದ ಕ್ಷಣದಲ್ಲಿ, ಅನಿಸಿದ ಸಾಲಿನ ಪಕ್ಕದಲ್ಲೇ ಬರೆಯಬಹುದು. ಬೇರೆ ಯಾವ ಜಾಗದಲ್ಲೂ ಇಷ್ಟು ಬಿಸಿಬಿಸಿಯಾಗಿ ಬರೆಯಲು ಆಗುವುದಿಲ್ಲ. ನೋಟ್‌ಬುಕ್ ತೆರೆಯುವಷ್ಟರಲ್ಲಿ ನಾವು ಸಭ್ಯರಾಗಿಬಿಟ್ಟಿರುತ್ತೇವೆ. ನನ್ನ ‘ಸುಳ್ಳು!’ ನೋಟ್‌ಬುಕ್ಕಿಗೆ ಬಂದಿದ್ದರೆ ‘ರಾಜಿಯ ಭಾಗ ಅಷ್ಟು ನಂಬುವಂತಿಲ್ಲ’ ಎಂದಾಗಿರುತ್ತಿತ್ತು.

ಅಂಚಿನಲ್ಲಿ ಬರೆಯುವ ಅಭ್ಯಾಸವಾದರೆ ಓದು ಮಾತುಕತೆಯಾಗುತ್ತದೆ. ತಕರಾರು ಜಾಸ್ತಿಯಾಗುತ್ತದೆ. ಇದು ನನಗೆ ಇಷ್ಟ. ಎರಡನೇ ಸಲ ಓದುವಾಗ ಹಳೆಯ ‘ಸುಳ್ಳು!’ ಕೆಳಗೆ ‘ಪೂರ್ತಿ ಸುಳ್ಳಲ್ಲ’ ಎಂದು ಸೇರಿಸಿ ತಾರೀಖು ಹಾಕಿದೆ. ಒಂದೇ ಪುಟದಲ್ಲಿ ಈಗ ನಾವು ಮೂವರಿದ್ದೇವೆ: ಲೇಖಕರು, ಹಳೆಯ ನಾನು, ಈಗಿನ ನಾನು.

ತೊಂದರೆಗಳೂ ಇವೆ. ಗ್ರಂಥಾಲಯದ ಪುಸ್ತಕದಲ್ಲಿ, ಎರವಲು ತಂದ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಪುಸ್ತಕ ಯಾರಿಗಾದರೂ ಕೊಟ್ಟರೆ ನಿಮ್ಮ ಮಾತೂ ಅದರ ಜೊತೆ ಹೋಯಿತು. ಹುಡುಕಲಂತೂ ಆಗುವುದೇ ಇಲ್ಲ. ಯಾವ ಪುಸ್ತಕದ ಯಾವ ಪುಟ ಎಂದು ನೆನಪಿದ್ದರೆ ಮಾತ್ರ ಸಿಗುತ್ತದೆ, ಅಷ್ಟು ನೆನಪಿದ್ದರೆ ಬರೆಯುವ ಅಗತ್ಯವೇ ಇರಲಿಲ್ಲ!

ಅಂಚಿನ ಬರಹಗಳಲ್ಲಿ ಜಗತ್ತಿಗೆ ತುಂಬಾ ಗೊತ್ತಿರುವುದು ಗಣಿತಜ್ಞ ಪಿಯರ್ ಡಿ ಫರ್ಮಾ ಬರೆದದ್ದು. ಸುಮಾರು 1637ರಲ್ಲಿ ಒಂದು ಹಳೆಯ ಗ್ರೀಕ್ ಗಣಿತ ಪುಸ್ತಕದ ಅಂಚಿನಲ್ಲಿ ಆತ ಒಂದು ಪ್ರಮೇಯ ಬರೆದು, ಇದಕ್ಕೆ ಅದ್ಭುತವಾದ ರುಜುವಾತು ಇದೆ, ಆದರೆ ಅಂಚಿನಲ್ಲಿ ಜಾಗ ಸಾಲದು ಎಂದು ಸೇರಿಸಿದ. ಆಂಡ್ರ್ಯೂ ವೈಲ್ಸ್ ಅದನ್ನು ಸಾಧಿಸಿ ತೋರಿಸಿದ ಬರಹ ಅಚ್ಚಾದದ್ದು 1995ರಲ್ಲಿ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಡಿಮೆ ಜನ ಹೇಳುವ ಭಾಗ ಬೇರೆ ಇದೆ: ಫರ್ಮಾ ಬರೆದ ಆ ಪ್ರತಿ ಈಗ ಇಲ್ಲ, ಕಳೆದುಹೋಗಿದೆ. ಅವನ ಮಗ 1670ರಲ್ಲಿ ಅಪ್ಪನ ಟಿಪ್ಪಣಿಗಳನ್ನು ಸೇರಿಸಿ ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದ್ದರಿಂದ ನಮಗೆ ವಿಷಯ ಗೊತ್ತಾಯಿತು. ನಮ್ಮ ಅಂಚಿನ ಬರಹವನ್ನು ಹೀಗೆ ಎತ್ತಿ ಬರೆಯುವ ಮಗ ಎಲ್ಲರಿಗೂ ಸಿಗುವುದಿಲ್ಲ ಅಲ್ವಾ? ಬೇಕಾದದ್ದನ್ನು ನಾವೇ ಎತ್ತಿ ಬರೆದುಕೊಳ್ಳಬೇಕು.

ಗೆರೆ ಎಳೆಯುವವರಿಗೆ ಒಂದು ಮಾತು. ಬರೀ ಅಡಿಗೆರೆ, ಬರೀ ಹಳದಿ ಬಣ್ಣ ಬಳಿಯುವುದರಿಂದ ಹೆಚ್ಚೇನೂ ಆಗುವುದಿಲ್ಲ. ಕಲಿಕೆಯ ಹತ್ತು ವಿಧಾನಗಳನ್ನು ತೂಗಿ ನೋಡಿದ 2013ರ ಒಂದು ದೊಡ್ಡ ವಿಮರ್ಶೆ ಇದನ್ನು ತೀರಾ ಕಡಿಮೆ ಉಪಯೋಗದ ಗುಂಪಿಗೆ ಹಾಕಿದೆ. ಗೆರೆಯ ಪಕ್ಕ ಒಂದು ಪದವಾದರೂ ಬರೆಯಿರಿ. ‘ಹೌದಾ?’ ಎಂದಾದರೂ ಸರಿ.

ನೋಟ್‌ಬುಕ್

ಇಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ.

ನೋಟ್‌ಬುಕ್ಕಿನ ಗುಣ ಇರುವುದೇ ಅದರ ನಿಧಾನದಲ್ಲಿ. ಕೈಯಲ್ಲಿ ಬರೆಯುವುದಕ್ಕೆ ಹೊತ್ತು ಹಿಡಿಯುತ್ತದೆ, ಹಾಗಾಗಿ ಎಲ್ಲವನ್ನೂ ಬರೆಯಲು ಆಗುವುದಿಲ್ಲ. ಯಾವುದನ್ನು ಬಿಡಬೇಕು ಎಂದು ಯೋಚಿಸಲೇಬೇಕು. 2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಸಂಶೋಧಕರು ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿಕೊಂಡವರು ಕೇಳಿದ್ದನ್ನು ಜಾಸ್ತಿ ಹಾಗೆಹಾಗೇ ಟೈಪ್ ಮಾಡುತ್ತಾರೆ, ಕೈಯಲ್ಲಿ ಬರೆದವರು ವಿಷಯವನ್ನು ಹೆಚ್ಚು ಗ್ರಹಿಸಿರುತ್ತಾರೆ ಎಂದು ತೋರಿಸಿದರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ‘ಕೈಬರಹವೇ ಶ್ರೇಷ್ಠ’ ಎಂದು ಘೋಷಣೆ ಕೂಗಲು ನಾನು ತಯಾರಿಲ್ಲ. ಟೈಪ್ ಮಾಡುವಾಗಲೂ ಸ್ವಂತ ಮಾತಿನಲ್ಲಿ ಬರೆದರೆ ಅರ್ಧ ಲಾಭ ಸಿಕ್ಕ ಹಾಗೆಯೇ. ಆದರೆ ನೋಟ್‌ಬುಕ್ಕಿನಲ್ಲಿ ನೋಟಿಫಿಕೇಶನ್ ಬರುವುದಿಲ್ಲ. ನನ್ನಂಥವರಿಗೆ ಇದೊಂದೇ ಕಾರಣ ಸಾಕು.

ನೋಟ್‌ಬುಕ್ ಇಟ್ಟವರ ದೊಡ್ಡ ಗೋಳು ಹುಡುಕಾಟ. ಮೂರು ನೋಟ್‌ಬುಕ್ ತುಂಬಿದ ಮೇಲೆ ಯಾವುದರಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಇದಕ್ಕೆ ಮುನ್ನೂರು ವರ್ಷ ಹಳೆಯ ಮದ್ದೊಂದಿದೆ. ಓದಿದ್ದರಲ್ಲಿ ಹಿಡಿಸಿದ ಮಾತುಗಳನ್ನು ಒಂದೇ ಪುಸ್ತಕದಲ್ಲಿ ಸಂಗ್ರಹಿಸುವ ಅಭ್ಯಾಸ ಯುರೋಪಿನಲ್ಲಿ ಆಗ ಜೋರಾಗಿತ್ತು. ತತ್ವಜ್ಞಾನಿ ಜಾನ್ ಲಾಕ್ ಅಂಥ ಪುಸ್ತಕಕ್ಕೆ ಸೂಚಿ ಮಾಡುವ ಒಂದು ವಿಧಾನ ರೂಪಿಸಿದ್ದ. ಅವನು ತೀರಿಕೊಂಡ ಮೇಲೆ, 1706ರಲ್ಲಿ, ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ವಿಧಾನ ಸರಳ. ವಿಷಯದ ಹೆಸರಿನ ಮೊದಲ ಅಕ್ಷರ, ಅದರ ನಂತರ ಬರುವ ಮೊದಲ ಸ್ವರ, ಈ ಎರಡನ್ನು ಹಿಡಿದು ಸೂಚಿಯಲ್ಲಿ ಒಂದು ಮನೆ. ಆ ಮನೆಯಲ್ಲಿ ಪುಟ ಸಂಖ್ಯೆ ಬರೆಯುವುದು.

ಇದನ್ನು ಓದಿದಾಗ ನಗು ಬಂತು. ವ್ಯಂಜನ, ಅದಕ್ಕೊಂದು ಸ್ವರ. ಇದು ನಮ್ಮ ಕಾಗುಣಿತವೇ ತಾನೆ! ಲಾಕ್ ಕಷ್ಟಪಟ್ಟು ಎರಡು ಅಕ್ಷರ ಜೋಡಿಸಿ ಮಾಡಿದ್ದು ನಮಗೆ ಒಂದೇ ಅಕ್ಷರದಲ್ಲಿ ಸಿಗುತ್ತದೆ. ‘ನೆನಪು’ ಆದರೆ ‘ನೆ’ ಮನೆ, ‘ಸಾವು’ ಆದರೆ ‘ಸಾ’ ಮನೆ. ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟ ಇದಕ್ಕೆ ಬಿಟ್ಟಿದ್ದೇನೆ. ಎಲ್ಲ ಮನೆಗಳನ್ನೂ ಮೊದಲೇ ಗೀಟು ಹಾಕಿ ಇಡಬೇಕಿಲ್ಲ, ಬೇಕಾದ ಹಾಗೆ ಸೇರಿಸುತ್ತಾ ಹೋದರೆ ಆಯಿತು. ಎರಡು ವರ್ಷದಲ್ಲಿ ನನ್ನ ‘ಮ’ ಸಾಲು ತುಂಬಿಹೋಗಿದೆ. ಮರೆವು, ಮನೆ, ಮಾತು, ಮೌನ. ನಾನು ಯಾವುದರ ಬಗ್ಗೆ ಓದುತ್ತೇನೆ ಎಂದು ನನಗೇ ಗೊತ್ತಾದದ್ದು ಆ ಸಾಲು ನೋಡಿದ ಮೇಲೆ.

ನಷ್ಟದ ಭಯ ಇದ್ದೇ ಇದೆ. ನೋಟ್‌ಬುಕ್ ಒಂದೇ ಪ್ರತಿ. ನೀರು ಬಿದ್ದರೆ ಮುಗಿಯಿತು. ತಿಂಗಳಿಗೊಮ್ಮೆ ಪುಟಗಳ ಫೋಟೋ ತೆಗೆದಿಡಿ, ಹೆಚ್ಚೆಂದರೆ ಐದು ನಿಮಿಷದ ಕೆಲಸ.

ಕಾರ್ಡುಗಳಲ್ಲಿ ಬರೆಯುವುದು ಇದರದೇ ಅಣ್ಣ. ಜರ್ಮನ್ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಜೀವಮಾನದಲ್ಲಿ ಸುಮಾರು 90,000 ಚೀಟಿ ಬರೆದು, ಒಂದಕ್ಕೊಂದು ಸಂಖ್ಯೆಯ ಕೊಂಡಿ ಹಾಕಿಟ್ಟಿದ್ದ. ಈಗ ಆ ವಿಧಾನಕ್ಕೆ ಭಾರೀ ಅಭಿಮಾನಿ ಬಳಗವಿದೆ. ಪ್ರಬಂಧ, ಸಂಶೋಧನೆ ಬರೆಯುವವರಿಗೆ ಒಳ್ಳೆಯದು. ಸುಮ್ನೆ ಕಥೆ ಕಾದಂಬರಿ ಓದುವವರು ಇದಕ್ಕೆ ಕೈಹಾಕಿದರೆ ಓದುವುದು ಬಿಟ್ಟು ಚೀಟಿ ಜೋಡಿಸುತ್ತಾ ಕೂರುತ್ತಾರೆ. ನಾನು ಹಾಗೆ ಎರಡು ತಿಂಗಳು ಕೂತಿದ್ದೆ.

ಆಪ್

ಗುಡ್‌ರೀಡ್ಸ್ 2007ರಲ್ಲಿ ಶುರುವಾಯಿತು, 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಅದಕ್ಕಿಂತ ಮೊದಲೇ, 2005ರಲ್ಲಿ, ಲೈಬ್ರರಿಥಿಂಗ್ ಬಂದಿತ್ತು. ಈಚಿನದು ಸ್ಟೋರಿಗ್ರಾಫ್. ಮೂರೂ ಮಾಡುವ ಮುಖ್ಯ ಕೆಲಸ ಒಂದೇ: ಏನು ಓದಿದಿರಿ, ಯಾವಾಗ, ಹೇಗಿತ್ತು. ಈ ಕೆಲಸಕ್ಕೆ ಆಪ್‌ನಷ್ಟು ಚೆನ್ನಾದದ್ದು ಬೇರೆ ಇಲ್ಲ. ಮುಂದೆ ಓದಬೇಕಾದ ಪುಸ್ತಕಗಳ ಪಟ್ಟಿ ಇಡಲಂತೂ ಇದೇ ಸರಿ. ಯಾರೋ ಮಾತಿನ ಮಧ್ಯೆ ಒಂದು ಹೆಸರು ಹೇಳಿದರೆ ಅಲ್ಲೇ ಸೇರಿಸಬಹುದು.

ಆದರೆ ಆಪ್ ಎಣಿಸುತ್ತದೆ. ಎಣಿಸುವ ವಸ್ತುವಿನ ಜೊತೆ ಬದುಕಿದರೆ ನಾವೂ ಎಣಿಸಲು ಶುರು ಮಾಡುತ್ತೇವೆ. ಒಂದು ವರ್ಷ ನಾನು 52 ಪುಸ್ತಕದ ಗುರಿ ಹಾಕಿಕೊಂಡೆ. ವಾರಕ್ಕೊಂದು, ಲೆಕ್ಕ ಚೆನ್ನಾಗಿತ್ತು. ಅಕ್ಟೋಬರ್ ಹೊತ್ತಿಗೆ ‘ನೀವು ಆರು ಪುಸ್ತಕ ಹಿಂದಿದ್ದೀರಿ’ ಎಂದು ಆಪ್ ತೋರಿಸತೊಡಗಿತು. ನಾನು ಏನು ಮಾಡಿದೆ ಗೊತ್ತಾ? ತೆಳ್ಳಗಿನ ಪುಸ್ತಕ ಹುಡುಕಿ ಓದಿದೆ. 600 ಪುಟದ ಒಂದು ಪುಸ್ತಕವನ್ನು ತುಂಬಾ ದಿನದಿಂದ ಓದಬೇಕೆಂದಿದ್ದೆ, ಅದನ್ನು ಮುಂದಿನ ವರ್ಷಕ್ಕೆ ತಳ್ಳಿದೆ. ಗುರಿ ಮುಟ್ಟಿತು. ಆ ಕೊನೆಯ ಹತ್ತು ಪುಸ್ತಕಗಳ ಹೆಸರು ಕೇಳಿದರೆ ಈಗ ನಾಲ್ಕು ಹೇಳಬಲ್ಲೆ.

ನಕ್ಷತ್ರದ ಕಥೆಯೂ ಅಷ್ಟೇ. ಗುಡ್‌ರೀಡ್ಸ್‌ನಲ್ಲಿ ಅರ್ಧ ನಕ್ಷತ್ರ ಇಲ್ಲ. ಸ್ಟೋರಿಗ್ರಾಫ್‌ನಲ್ಲಿ ಕಾಲು ನಕ್ಷತ್ರದವರೆಗೂ ಕೊಡಬಹುದು. ಮೂರೂಮುಕ್ಕಾಲೋ ನಾಲ್ಕೋ ಎಂದು ನಾನು ಒಂದು ಸಂಜೆ ಪೂರ್ತಿ ಒದ್ದಾಡಿದ್ದೂ ಉಂಟು. ಪುಸ್ತಕ ಮುಗಿಯುವ ಮೊದಲೇ ತಲೆಯಲ್ಲಿ ಅಂಕ ಹಾಕುವ ಮೇಷ್ಟ್ರು ಬಂದು ಕೂರುತ್ತಾರೆ, ಅವರನ್ನು ಎಬ್ಬಿಸುವುದು ಕಷ್ಟ.

ಆಪ್ ಬಳಸುವವರು ಎರಡು ವಿಷಯ ನೋಡಿಕೊಳ್ಳಿ. ಮೊದಲನೆಯದು, ನಿಮ್ಮ ದಾಖಲೆಯನ್ನು ಫೈಲ್ ಆಗಿ ಹೊರಗೆ ತೆಗೆಯುವ ಅವಕಾಶ ಇದೆಯಾ? ಗುಡ್‌ರೀಡ್ಸ್ ಪಟ್ಟಿಯನ್ನು ಹಾಗೆ ಇಳಿಸಿಕೊಳ್ಳಬಹುದು. ಎಲ್ಲ ಆಪ್‌ಗಳೂ ಇಷ್ಟು ಉದಾರಿಗಳಲ್ಲ. ನಾನು ಮೊದಲು ಬಳಸುತ್ತಿದ್ದ ಒಂದು ಪುಟ್ಟ ಆಪ್‌ನಲ್ಲಿ ಟಿಪ್ಪಣಿಗಳೆಲ್ಲ ಫೋನಿನೊಳಗೇ ಇರುತ್ತಿದ್ದವು. ಫೋನ್ ಬದಲಾಯಿಸಿದ ದಿನ ಹದಿನೆಂಟು ತಿಂಗಳ ಬರಹ ಹೋಯಿತು. ಎರಡನೆಯದು, ನೀವು ಓದುವಂಥ ಪುಸ್ತಕಗಳು ಅದರ ಪಟ್ಟಿಯಲ್ಲಿ ಇವೆಯಾ? ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಓದುವವರಿಗೆ ಇದು ದೊಡ್ಡ ಪ್ರಶ್ನೆ. ಎಷ್ಟೋ ಸಲ ಪುಸ್ತಕವನ್ನು ನಾವೇ ಸೇರಿಸಬೇಕಾಗುತ್ತದೆ. ಒಂದೇ ಪುಸ್ತಕ ಮೂರು ಕಾಗುಣಿತದಲ್ಲಿ ಮೂರು ಕಡೆ ಕೂತಿರುತ್ತದೆ.

ಕಿಂಡಲ್‌ನಂಥ ಇ-ರೀಡರ್‌ನಲ್ಲಿ ಓದುವವರಿಗೆ ಅಂಚೂ ಆಪೂ ಒಂದೇ ಕಡೆ ಸಿಗುತ್ತದೆ. ಗೆರೆ ಎಳೆದ ಸಾಲುಗಳೆಲ್ಲ ತಾನಾಗಿ ಒಂದು ಫೈಲಿಗೆ ಹೋಗುತ್ತವೆ. ಚೆನ್ನಾಗಿದೆ. ಆದರೆ ಗೆರೆ ಎಳೆಯುವುದು ತೀರಾ ಸುಲಭವಾಗಿ, ಒಂದು ಪುಸ್ತಕದಲ್ಲಿ ನೂರಾರು ಸಾಲು ಸೇರಿಬಿಡುತ್ತವೆ. ಅಷ್ಟನ್ನು ಯಾರು ಮತ್ತೆ ಓದುತ್ತಾರೆ?

ಬ್ಲಾಗ್

ಬ್ಲಾಗಿನ ಕಾಲ ಮುಗಿಯಿತು ಎಂದು ಹೇಳುವವರು ಬಹಳ ವರ್ಷದಿಂದ ಹೇಳುತ್ತಲೇ ಇದ್ದಾರೆ. ‘ವೆಬ್‌ಲಾಗ್’ ಎಂಬ ಪದ ಹುಟ್ಟಿದ್ದು 1997ರಲ್ಲಿ, 1999ರಲ್ಲಿ ಅದು ‘ಬ್ಲಾಗ್’ ಎಂದು ಚಿಕ್ಕದಾಯಿತು. ಬ್ಲಾಗ್ ಮಾಡಿಕೊಳ್ಳಲು ಅದೇ ವರ್ಷ ಬ್ಲಾಗರ್ ಬಂತು, 2003ರಲ್ಲಿ ವರ್ಡ್‌ಪ್ರೆಸ್. ಎರಡೂ ಇವತ್ತಿಗೂ ಇವೆ. ಓದುಗರನ್ನು ಬ್ಲಾಗುಗಳ ಹತ್ತಿರ ಕರೆತರುತ್ತಿದ್ದ ಗೂಗಲ್ ರೀಡರ್ ಮಾತ್ರ 2013ರ ಜುಲೈನಲ್ಲಿ ಬಾಗಿಲು ಹಾಕಿತು. ಈಗ ನಿಮ್ಮ ಬ್ಲಾಗಿಗೆ ಜನ ಬರುವುದು ಕಡಿಮೆ. ನಾನು ಇದನ್ನು ಒಳ್ಳೆಯ ಸುದ್ದಿ ಎಂದೇ ತಿಳಿಯುತ್ತೇನೆ.

ಯಾಕೆ ಎಂದರೆ, ಬ್ಲಾಗಿನ ಕಷ್ಟವೂ ಸುಖವೂ ಒಂದೇ: ಬೇರೆ ಯಾರೋ ಓದುತ್ತಾರೆ. ನೋಟ್‌ಬುಕ್ಕಿನಲ್ಲಿ ‘ಭಾಷೆ ಸೊಗಸಾಗಿದೆ’ ಎಂದು ಬರೆದು ಮುಂದೆ ಹೋಗಬಹುದು. ಬ್ಲಾಗಿನಲ್ಲಿ ಹಾಗೆ ಬರೆದರೆ ‘ಎಲ್ಲಿ? ಯಾವ ಸಾಲು?’ ಎಂದು ಕಾಣದ ಓದುಗ ಕೇಳಿದಂತಾಗುತ್ತದೆ. ಉತ್ತರ ಹುಡುಕಲು ಪುಸ್ತಕಕ್ಕೆ ವಾಪಸ್ ಹೋಗಬೇಕು. ಎಷ್ಟೋ ಸಲ ಹೋಗಿ ನೋಡಿದರೆ ಭಾಷೆ ಅಂಥ ಸೊಗಸೇನೂ ಇರುವುದಿಲ್ಲ, ನನಗೆ ಆವತ್ತು ನಿದ್ದೆ ಚೆನ್ನಾಗಿ ಆಗಿತ್ತು ಅಷ್ಟೇ. ನನ್ನ ಅಭಿಪ್ರಾಯ ಎಷ್ಟು ತೆಳ್ಳಗಿದೆ ಎಂದು ನೋಟ್‌ಬುಕ್ ಯಾವತ್ತೂ ತೋರಿಸಿಕೊಟ್ಟಿರಲಿಲ್ಲ.

ಒಮ್ಮೆ ಒಂದು ಕಥೆಯ ಬಗ್ಗೆ ಬಹಳ ಜೋರಾಗಿ ಬರೆದಿದ್ದೆ. ಸುಮಾರು ಎರಡು ವರ್ಷದ ನಂತರ ಗುರುತಿಲ್ಲದ ಒಬ್ಬರು ಎರಡೇ ಸಾಲು ಬರೆದರು: ಕಥೆ ಹೇಳುತ್ತಿರುವುದು ಮಗಳಲ್ಲ, ಸೊಸೆ, ಮೊದಲ ಪುಟ ಮತ್ತೆ ನೋಡಿ. ನೋಡಿದೆ. ಹೌದು, ಸೊಸೆ. ನನ್ನ ಇಡೀ ಬರಹ ಕುಸಿದುಬಿತ್ತು. ನಾಚಿಕೆಯಾಯಿತು, ಆದರೆ ಆ ಕಥೆ ನನಗೆ ಎರಡು ಪಟ್ಟು ದೊಡ್ಡದಾಯಿತು. ಆಪ್‌ನಲ್ಲಿ ನಾಲ್ಕು ನಕ್ಷತ್ರ ಕೊಟ್ಟು ಸುಮ್ಮನಿದ್ದಿದ್ದರೆ ಸಾಯುವ ತನಕ ಅದು ಮಗಳೇ ಆಗಿರುತ್ತಿದ್ದಳು.

ಇನ್ನೊಂದು ಮುಖ ಹೇಳದೆ ಇರಲಾರೆ. ಬ್ಲಾಗ್ ಶುರು ಮಾಡಿದ ಮೊದಲ ವರ್ಷ ನಾನು ಓದುತ್ತಲೇ ಬರೆಯುತ್ತಿದ್ದೆ, ತಲೆಯೊಳಗೆ. ಮೂವತ್ತನೇ ಪುಟದಲ್ಲೇ ಬರಹದ ಮೊದಲ ಸಾಲು ಸಿದ್ಧವಾಗುತ್ತಿತ್ತು. ಆಮೇಲೆ ಉಳಿದ ಪುಸ್ತಕವನ್ನು ಆ ಸಾಲಿಗೆ ಒಪ್ಪುವ ಹಾಗೆ ಓದುತ್ತಿದ್ದೆ, ಒಪ್ಪದ ಭಾಗ ಕಣ್ಣಿಗೇ ಬೀಳುತ್ತಿರಲಿಲ್ಲ. ಪುಸ್ತಕ ಆರಿಸುವಾಗಲೂ ‘ಇದರ ಬಗ್ಗೆ ಬರೆಯಲು ಏನಾದರೂ ಸಿಗುತ್ತದಾ?’ ಎಂಬುದೇ ಪ್ರಶ್ನೆ. ಸುಮ್ನೆ ಖುಷಿಗೆ ಓದುವ ಪತ್ತೇದಾರಿ ಕಥೆಗಳು ಆ ವರ್ಷ ಪೂರ್ತಿ ಕಪಾಟಿನಲ್ಲೇ ಉಳಿದವು.

ಇದರಿಂದ ಹೊರಬರಲು ನಾನು ಮಾಡಿಕೊಂಡ ನಿಯಮ ಚಿಕ್ಕದು. ಪುಸ್ತಕ ಮುಗಿಸಿ ಹದಿನೈದು ದಿನ ಬರೆಯುವುದಿಲ್ಲ. ಆಮೇಲೆ ಪುಸ್ತಕ ಮುಚ್ಚಿಟ್ಟು, ನೆನಪಿನಿಂದ ಮೊದಲ ಕರಡು. ಅಷ್ಟು ದಿನ ಉಳಿದದ್ದೇ ಬರೆಯಲು ಯೋಗ್ಯ. ಹೆಸರು, ಉಲ್ಲೇಖ ಸರಿಯಾಗಿದೆಯಾ ಎಂದು ಕೊನೆಗೆ ಪುಸ್ತಕ ತೆರೆದು ನೋಡುತ್ತೇನೆ. ಓದಿದ ಪ್ರತಿಯೊಂದರ ಬಗ್ಗೆಯೂ ಬರೆಯುವುದಿಲ್ಲ, ಐದರಲ್ಲಿ ಒಂದಾದರೆ ಜಾಸ್ತಿ.

ಬ್ಲಾಗ್ ಶಾಶ್ವತ ಎಂಬ ಭ್ರಮೆ ಬೇಡ. 2009ರಲ್ಲಿ ಯಾಹೂ ಕಂಪನಿ ಜನ ತಮ್ಮ ಸ್ವಂತ ವೆಬ್‌ಪುಟ ಇಟ್ಟಿದ್ದ ಜಿಯೋಸಿಟೀಸ್ ತಾಣ ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ಒಟ್ಟಿಗೆ ಹೋದವು. ಕೆಲವನ್ನು ಇಂಟರ್ನೆಟ್ ಆರ್ಕೈವ್‌ನಂಥವರು ಉಳಿಸಿದರು. ಹಾಗಾಗಿ ಬ್ಲಾಗಿನ ಪೆಟ್ಟಿಗೆಯಲ್ಲೇ ನೇರ ಟೈಪ್ ಮಾಡಬೇಡಿ. ಕಂಪ್ಯೂಟರಿನಲ್ಲಿ ಸಾದಾ ಪಠ್ಯದ ಫೈಲಿನಲ್ಲಿ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಬರೆದು ಆಮೇಲೆ ಅಂಟಿಸಿ. ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಕನ್ನಡ ಫೈಲು ತೆರೆದು, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡವರಿಗೆ ನಾನು ಏನು ಹೇಳುತ್ತಿದ್ದೇನೆ ಎಂದು ಗೊತ್ತು.

ಫೋಟೋ, ಕಿರು ವಿಡಿಯೊ ಹಾಕುವ ಜಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಸ್ತಕದ ಸುದ್ದಿ ಹರಡಲು ಅವು ಚೆನ್ನ. ಒಂದು ವರ್ಷದ ನಂತರ ನಿಮ್ಮದೇ ಮಾತು ಹುಡುಕಲು ಹೋಗಿ, ಆಗ ತಿಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಏನು ಓದಿದೆ ಎಂಬ ಲೆಕ್ಕ ಮಾತ್ರ ಬೇಕೆನ್ನುವವರಿಗೆ ಆಪ್ ಸಾಕು. ವಾರ್ಷಿಕ ಗುರಿಯನ್ನು ಮಾತ್ರ ಹಾಕಿಕೊಳ್ಳಬೇಡಿ, ಅಥವಾ 12 ಎಂದು ಹಾಕಿ ಮರೆತುಬಿಡಿ. ಓದುವಾಗಲೇ ನಿದ್ದೆ ಬರುವವರು, ಕಣ್ಣು ಸಾಲಿನ ಮೇಲೆ ಓಡಿದರೂ ತಲೆಗೆ ಹೋಗದವರು ಪೆನ್ಸಿಲ್ ಹಿಡಿಯಿರಿ. ಜಗಳ ಆಡುತ್ತಿದ್ದರೆ ನಿದ್ದೆ ಬರುವುದಿಲ್ಲ. ಆಡಿಯೊ ಪುಸ್ತಕ ಕೇಳುವವರಿಗೆ ಅಂಚೇ ಇಲ್ಲ. ಅವರು ಅಧ್ಯಾಯ ಮುಗಿದಾಗ ಫೋನಿಗೆ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ವಾರಕ್ಕೊಮ್ಮೆ ನೋಟ್‌ಬುಕ್ಕಿಗೆ ಇಳಿಸಬಹುದು.

ಪರೀಕ್ಷೆಗೆ ಓದುವವರಿಗೆ ನೋಟ್‌ಬುಕ್, ಅದೂ ಪುಸ್ತಕ ಮುಚ್ಚಿ. ಪುಸ್ತಕದ ಬಗ್ಗೆ ಮಾತಾಡಲು ಸುತ್ತ ಯಾರೂ ಇಲ್ಲ ಎಂದು ಬೇಸರವಿರುವವರಿಗೆ ಬ್ಲಾಗ್, ಆದರೆ ಕಡೇಪಕ್ಷ ಒಂದು ವರ್ಷ ಯಾರೂ ಬರದಿದ್ದರೂ ಬರೆಯುವ ಮನಸ್ಸು ಇದ್ದರೆ ಮಾತ್ರ. ಬರೆಯುವುದೇ ಬೇಡ, ಸುಮ್ನೆ ಓದುತ್ತೇನೆ ಎನ್ನುವವರು ಹಾಗೆಯೇ ಓದಿ. ಮರೆತ ಪುಸ್ತಕವನ್ನು ಹೊಸದೆಂಬಂತೆ 60 ಪುಟ ಓದುವ ಸುಖ ನನಗೂ ಸಿಕ್ಕಿದೆ, ಅದೇನು ಕೆಟ್ಟದ್ದಲ್ಲ.

ಸದ್ಯಕ್ಕೆ ನನ್ನ ವ್ಯವಸ್ಥೆ ಹೀಗಿದೆ. ಸ್ವಂತ ಪುಸ್ತಕವಾದರೆ ಅಂಚಿನಲ್ಲಿ ಪೆನ್ಸಿಲ್. ಮುಗಿದ ದಿನ ನೋಟ್‌ಬುಕ್ಕಿನಲ್ಲಿ ಒಂದೇ ಪುಟ, ಅಂಚಿನಿಂದ ಎತ್ತಿದ ಎರಡು ಮೂರು ಮಾತು ಸೇರಿಸಿ, ಕಾಗುಣಿತದ ಸೂಚಿಯಲ್ಲಿ ಸಂಖ್ಯೆ. ಆಪ್‌ನಲ್ಲಿ ತಾರೀಖು ಹಾಕುತ್ತೇನೆ, ನಕ್ಷತ್ರದ ಜಾಗ ಖಾಲಿ ಬಿಡುತ್ತೇನೆ. ಬ್ಲಾಗಿಗೆ ಕೊನೆಯ ಸಲ ಬರೆದು ಎರಡು ತಿಂಗಳಾಯಿತು. 600 ಪುಟದ ಆ ಪುಸ್ತಕ ಈಗ ನಡೆಯುತ್ತಿದೆ, 340ನೇ ಪುಟದಲ್ಲಿದ್ದೇನೆ, ಮೊದಲ ಸಾಲು ಇನ್ನೂ ಹೊಳೆದಿಲ್ಲ.